ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಜನರಲ್ ಮ್ಯಾನೇಜರ್ ಎಂಬ ಹೊಸ ಅಧಿಕಾರಪದವಿ

ಶಾಸನಗಳನ್ನು ಅಭ್ಯಾಸ ಮಾಡಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಒಂದು ಸೀಮೆಯ ಶಾಸನಗಳಲ್ಲಿ ಸುಂಕದ ಹೆಗ್ಗಡೆಯ ಹೆಸರು ಕಾಣಿಸಿಕೊಂಡಿತೆಂದರೆ, ಆ ಸೀಮೆಯ ದಾರಿಗಳಲ್ಲಿ ಸರಕು ಹೇರಳವಾಗಿ ಸಾಗುತ್ತಿದ್ದಿತೆಂದೂ, ಅದರ ಲೆಕ್ಕವನ್ನು ನೋಡಿಕೊಳ್ಳುವುದು ಒಬ್ಬನ ಪ್ರತ್ಯೇಕ ಉದ್ಯೋಗವೇ ಆಗಿದ್ದಿತೆಂದೂ ನಾವು ಊಹಿಸುತ್ತೇವೆ. ವ್ಯಾಪಾರ ಮೊದಲು ಬರುತ್ತದೆ. ಅಧಿಕಾರಿ ಆಮೇಲೆ ಬರುತ್ತಾನೆ. ಹೊಸದೊಂದು ಅಧಿಕಾರಪದವಿ ಹುಟ್ಟಿಕೊಂಡಿತೆಂದರೆ, ತನ್ನಲ್ಲಿ ಆಗಲೇ ನಡೆದುಹೋಗಿದ್ದ ಬದಲಾವಣೆಯೊಂದನ್ನು ಆ ಸಂಸ್ಥೆ ತಾನೇ ಒಪ್ಪಿಕೊಂಡಿತೆಂದು ಅರ್ಥ. ಅಮೆರಿಕದ ವಿಶ್ವವಿದ್ಯಾನಿಲಯಗಳ ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಕೆಲವು ವರ್ಷಗಳಿಂದೀಚೆಗೆ ಕಾಣಿಸಿಕೊಂಡಿರುವ ‘ಜನರಲ್ ಮ್ಯಾನೇಜರ್’ ಎಂಬ ಪದವಿಯನ್ನು ಪ್ರಕೃತ ಲೇಖನದಲ್ಲಿ ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಇದು ಕ್ರೀಡಾಪುಟಕ್ಕೆ ಸೇರಿದ ವಿಷಯವೆಂದು ಕೆಲವರು ಬದಿಗಿಡಬಹುದು. ಆದರೆ ವಿದ್ಯಾರ್ಥಿಯೆಂದರೆ ಯಾರು ಎಂಬ ಪ್ರಶ್ನೆ ಇದರಲ್ಲಿ ಅಡಗಿರುವುದರಿಂದ, ಅಧ್ಯಾಪಕವರ್ಗದವರಿಗೆ ಇದು ಹೊರಗಿನ ವಿಷಯವಲ್ಲ.

ಈ ಆಟ ನಮಗೂ ಅವರಿಗೂ ಒಂದೇ ಮೂಲದಿಂದ ಬಂದುದು. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಇದನ್ನು ಕಲ್ಪಿಸಿದರು. ಅದೇ ಸಂಸ್ಥೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬುವರು 1920ರಲ್ಲಿ ಮದ್ರಾಸಿನಲ್ಲಿ ವ್ಯಾಯಾಮಶಿಕ್ಷಣದ ಕಾಲೇಜನ್ನು ಸ್ಥಾಪಿಸಿದರು. ದಕ್ಷಿಣ ಭಾರತದ ವ್ಯಾಯಾಮಶಿಕ್ಷಣ ಅಲ್ಲಿಂದ ಬಹಳ ಮಟ್ಟಿಗೆ ರೂಪುಗೊಂಡಿತು. ಆದರೆ ಅಲ್ಲಿಂದ ಮುಂದೆ ದಾರಿಗಳು ಬೇರೆಯಾದುವು. ನಮ್ಮಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿ ಮೊದಲು ಕಾಲೇಜಿಗೆ ಸೇರುತ್ತಾನೆ, ಆಮೇಲೆ ದೈಹಿಕ ಶಿಕ್ಷಣ ನಿರ್ದೇಶಕರು ಆಯ್ಕೆ ನಡೆಸಿ ತಂಡ ಕಟ್ಟುತ್ತಾರೆ. ಅಮೆರಿಕದ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಮೊದಲು ಆಟಗಾರನನ್ನು ಹುಡುಕುತ್ತಾರೆ, ಆಮೇಲೆ ಅವನನ್ನು ವಿದ್ಯಾರ್ಥಿಯನ್ನಾಗಿ ಸೇರಿಸಿಕೊಳ್ಳುತ್ತಾರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ಮಾತುಗಳಾವುವೂ ಸ್ಪಷ್ಟವಾಗುವುದಿಲ್ಲ.

ಆಟಗಾರನನ್ನು ಹುಡುಕುವ ಕೆಲಸ ಬಹುಕಾಲ ಕೋಚಿನದೇ ಆಗಿತ್ತು. ಆತನೇ ಪ್ರೌಢಶಾಲೆಗಳ ಪಂದ್ಯಗಳನ್ನು ನೋಡುತ್ತಿದ್ದ, ಹುಡುಗನ ಮನೆಗೆ ಹೋಗಿ ತಂದೆತಾಯಿಗಳೊಡನೆ ಮಾತನಾಡುತ್ತಿದ್ದ, ಕರೆತಂದ ಮೇಲೆ ಆಟವನ್ನೂ ಕಲಿಸುತ್ತಿದ್ದ. ಅಲ್ಲಿನ ಕಾಲೇಜುಗಳ ರಾಷ್ಟ್ರೀಯ ಕ್ರೀಡಾಸಂಘ, ಅಂದರೆ ಎನ್.ಸಿ.ಎ.ಎ., 1956ರಲ್ಲಿ ಆಟದ ಯೋಗ್ಯತೆಯನ್ನೇ ಆಧಾರವಾಗಿಟ್ಟುಕೊಂಡು ವಿದ್ಯಾರ್ಥಿವೇತನ ಕೊಡಲು ಅನುಮತಿಯಿತ್ತಿತು. ಬೋಧನಶುಲ್ಕ, ಊಟ, ವಸತಿ, ಪುಸ್ತಕ ಇವಿಷ್ಟು ಸಲ್ಲುತ್ತಿದ್ದುವು; ಅದಕ್ಕೆ ಮಿಗಿಲಾದುದು ನಿಷಿದ್ಧ. ಸಂಘದ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದ ವಾಲ್ಟರ್ ಬೈಯರ್ಸ್ ಅವರ ಕಾಲದಲ್ಲಿ, ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡುಪದ ಬಳಕೆಗೆ ಬಂದಿತು. ಗಾಯಗೊಂಡ ಆಟಗಾರರು ತಾವು ಕಾಲೇಜಿನ ನೌಕರರೆಂದು ವಾದಿಸಿ ಪರಿಹಾರ ಕೇಳದಂತೆ ಕಟ್ಟಿದ ಬೇಲಿ ಅದು. ಬೈಯರ್ಸ್ ಅವರೇ ನಿವೃತ್ತರಾದ ಮೇಲೆ, 1995ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಇಡೀ ವ್ಯವಸ್ಥೆಯನ್ನು ಖಂಡಿಸಿದರೆಂಬುದು ಇತಿಹಾಸದ ಸ್ವಾರಸ್ಯಗಳಲ್ಲೊಂದು.

ಆ ದಿನಗಳಲ್ಲಿ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕುಳಿತಿರಬೇಕಾಗಿತ್ತು. ಆದಕಾರಣ ಹೆಚ್ಚಿನವರು ಇದ್ದಲ್ಲಿಯೇ ಇರುತ್ತಿದ್ದರು. ವಿದ್ಯಾರ್ಥಿವೇತನದ 13 ಸ್ಥಾನಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ತೆರವಾದರೆ ಅವನ್ನು ತುಂಬುವುದು ಕೋಚಿಗೆ ಹೊರೆಯಾಗುತ್ತಿರಲಿಲ್ಲ.

ಈ ಕಟ್ಟು ಸಡಿಲವಾದುದು ನ್ಯಾಯಾಲಯಗಳಲ್ಲಿ. 1995ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ತಂಡದ ಎಡ್ ಓಬ್ಯಾನನ್ 2009ರಲ್ಲಿ ದಾವೆ ಹೂಡಿದರು. ತಮ್ಮ ರೂಪವನ್ನು ಅನುಮತಿಯಿಲ್ಲದೆ ಬಳಸಿಕೊಂಡು ಇತರರು ಹಣ ಮಾಡುತ್ತಿದ್ದಾರೆಂಬುದು ಅವರ ದೂರು. 2014ರಲ್ಲಿ ತೀರ್ಪು ಮುಖ್ಯಾಂಶದಲ್ಲಿ ಅವರ ಪರವಾಯಿತು. 2021ರ ಜೂನ್ 21ರಂದು ಆಲ್ಸ್‌ಟನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಸಂಘದ ವಿರುದ್ಧ ತೀರ್ಪಿತ್ತರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ, ಖ್ಯಾತಿಗಳಿಂದ ಸಂಪಾದಿಸಲು ಅವಕಾಶವಾಯಿತು. ಇದರ ಜೊತೆಗೇ ವರ್ಗಾವಣೆಯ ಬಾಗಿಲೂ ತೆರೆಯಿತು. ಕಾಲೇಜು ಬಿಡಬಯಸುವವರ ಹೆಸರುಗಳನ್ನು ದಾಖಲಿಸುವ ‘ಟ್ರಾನ್ಸ್‌ಫರ್ ಪೋರ್ಟಲ್’ ಎಂಬ ಪಟ್ಟಿ 2018ರ ಅಕ್ಟೋಬರಿನಲ್ಲಿ ಪ್ರಾರಂಭವಾಗಿತ್ತು. 2021ರಲ್ಲಿ ಮೊದಲ ಬಾರಿ ಹೋಗುವವರಿಗೆ ಒಂದು ವರ್ಷದ ನಿರ್ಬಂಧ ರದ್ದಾಯಿತು. 2024ರ ಏಪ್ರಿಲಿನಲ್ಲಿ, ಓದಿನಲ್ಲಿ ತೇರ್ಗಡೆಯಾಗುತ್ತಿರುವವರು ಎಷ್ಟು ಬಾರಿಯಾದರೂ ಹೋಗಬಹುದೆಂದಾಯಿತು. ಕೊನೆಯದಾಗಿ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು ಹೌಸ್ ಮೊಕದ್ದಮೆಯ ರಾಜಿಯನ್ನು ಅಂಗೀಕರಿಸಿದರು. ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ, ಮುಂದಿನವರಿಗೆ ವಿಶ್ವವಿದ್ಯಾನಿಲಯದ ಬೊಕ್ಕಸದಿಂದಲೇ ನೇರವಾಗಿ ಹಣ, ಇವು ಅದರ ಮುಖ್ಯಾಂಶಗಳು.

ಇವೆಲ್ಲದರ ಪರಿಣಾಮವನ್ನು ಒಂದು ನಿದರ್ಶನದಿಂದ ತಿಳಿಯಬಹುದು. 2024ರ ಏಪ್ರಿಲಿನಲ್ಲಿ ಪ್ರಸಿದ್ಧ ಕೋಚ್ ಜಾನ್ ಕ್ಯಾಲಿಪರಿ ಕೆಂಟಕಿಯನ್ನು ಬಿಟ್ಟು ಆರ್ಕನ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಬಂದಾಗ, ಭೇಟಿಮಾಡಲು ಅಲ್ಲಿ ತಂಡವೆಂಬುದೇ ಇರಲಿಲ್ಲ. ಇದ್ದವರೆಲ್ಲರೂ ಹೊರಟಿದ್ದರು ಅಥವಾ ಹೊರಡುವುದರಲ್ಲಿದ್ದರು. ಕೆಲವೇ ವಾರಗಳಲ್ಲಿ ಇಡೀ ತಂಡವನ್ನು ಹೊಸದಾಗಿ ಕೊಂಡು ಕಟ್ಟಬೇಕು. ಕಲಿಸುವ ಮನುಷ್ಯನೊಬ್ಬನೇ ಮಾಡಿ ಮುಗಿಸಬಲ್ಲ ಕೆಲಸ ಇದಲ್ಲ. ಜನರಲ್ ಮ್ಯಾನೇಜರು ಹುಟ್ಟಿದುದು ಈ ಇಕ್ಕಟ್ಟಿನಲ್ಲಿ.

ಹೆಸರು ಬಂದುದು ವೃತ್ತಿಕ್ರೀಡೆಯಿಂದ. ಅಲ್ಲಿ ಆಟ ಕಲಿಸುವವನು ಬೇರೆ, ಆಟಗಾರರನ್ನು ಆರಿಸಿ ಒಪ್ಪಂದ ಮಾಡಿಕೊಳ್ಳುವವನು ಬೇರೆ. ಬಾಸ್ಟನ್ ಸೆಲ್ಟಿಕ್ಸ್ ತಂಡದ ರೆಡ್ ಔರ್‌ಬ್ಯಾಕ್ ಎರಡನ್ನೂ ತಾವೇ ಬಹುಕಾಲ ನಿರ್ವಹಿಸಿ, 1966ರಲ್ಲಿ ಕೋಚಿನ ಸ್ಥಾನವನ್ನು ಬಿಲ್ ರಸೆಲ್ ಅವರಿಗೆ ಬಿಟ್ಟುಕೊಟ್ಟು, ಜನರಲ್ ಮ್ಯಾನೇಜರಾಗಿ ಮುಂದುವರಿದರು. ಆದರೆ ವೃತ್ತಿತಂಡದ ಮ್ಯಾನೇಜರಿಗೆ ಕೆಲವು ಆಸರೆಗಳುಂಟು: ಹೊಸ ಆಟಗಾರರನ್ನು ಸರದಿಯ ಪ್ರಕಾರ ಹಂಚಿಕೊಡುವ ಪದ್ಧತಿಯುಂಟು, ಹಲವು ವರ್ಷಗಳ ಒಪ್ಪಂದವುಂಟು, ಆಟಗಾರರ ಸಂಘದೊಡನೆ ಚರ್ಚಿಸಿ ಮಾಡಿಕೊಂಡ ನಿಯಮಾವಳಿಯುಂಟು. ಕಾಲೇಜಿನ ಮ್ಯಾನೇಜರಿಗೆ ಇವಾವುವೂ ಇಲ್ಲ. ಇಂದು ತಂಡದಲ್ಲಿರುವವನು ಮುಂದಿನ ವಸಂತದಲ್ಲಿ ಎದುರಾಳಿಯ ಅಂಗಿ ತೊಟ್ಟು ಬರಬಹುದು. ಹೆಸರೊಂದೇ ಆದರೂ ಕೆಲಸ ಒಂದೇ ಅಲ್ಲವೆಂದು ಹೇಳುವುದು ಇದಕ್ಕಾಗಿ.

ಆತನ ಕೆಲಸದ ತಿರುಳು ಲೆಕ್ಕ. 2025-26ನೆಯ ಸಾಲಿಗೆ, ರಾಜಿಗೆ ಒಪ್ಪಿದ ವಿಶ್ವವಿದ್ಯಾನಿಲಯವೊಂದು ತನ್ನ ಎಲ್ಲ ಕ್ರೀಡೆಗಳ ಆಟಗಾರರಿಗೂ ಸೇರಿ ಹೆಚ್ಚೆಂದರೆ ಸುಮಾರು 2 ಕೋಟಿ 5 ಲಕ್ಷ ಡಾಲರುಗಳನ್ನು ಹಂಚಬಹುದೆಂದು ಮಿತಿ ಗೊತ್ತಾಯಿತು. ಪರಿಹಾರದ ಹಣ ಹಂಚುವುದಕ್ಕೆ ಬಳಸಿದ ಪ್ರಮಾಣವನ್ನೇ ಹಲವು ವಿಶ್ವವಿದ್ಯಾನಿಲಯಗಳು ಇಲ್ಲಿಯೂ ಮಾದರಿಯಾಗಿ ತೆಗೆದುಕೊಂಡುವು: ಫುಟ್‌ಬಾಲಿಗೆ ನೂರಕ್ಕೆ 75, ಪುರುಷರ ಬ್ಯಾಸ್ಕೆಟ್‌ಬಾಲಿಗೆ 15, ಮಹಿಳೆಯರ ಬ್ಯಾಸ್ಕೆಟ್‌ಬಾಲಿಗೆ 5, ಉಳಿದೆಲ್ಲಕ್ಕೂ ಸೇರಿ 5. ಆ ಪ್ರಕಾರ ಪುರುಷರ ಬ್ಯಾಸ್ಕೆಟ್‌ಬಾಲಿಗೆ ದೊರೆಯುವುದು ಸುಮಾರು 30 ಲಕ್ಷ 75 ಸಾವಿರ ಡಾಲರ್. ಅದೇ ರಾಜಿಯ ಮೇರೆಗೆ ತಂಡದಲ್ಲಿ 15 ಜನರವರೆಗೆ ಇರಬಹುದು; ಸಮನಾಗಿ ಹಂಚಿದರೆ ತಲೆಗೆ 2 ಲಕ್ಷ 5 ಸಾವಿರ. ಆದರೆ ಸಮನಾಗಿ ಹಂಚುವ ಮ್ಯಾನೇಜರು ಹೆಚ್ಚು ದಿನ ಬಾಳಲಾರ. ಕಾಲೇಜು ಪಂದ್ಯ 40 ನಿಮಿಷಗಳದು, ಅಂಕಣದಲ್ಲಿ ಐವರು. ಎಂದರೆ ಒಂದು ಪಂದ್ಯದಲ್ಲಿ ಹಂಚಲು ಇರುವುದು 200 ನಿಮಿಷಗಳು. ಅವುಗಳಲ್ಲಿ ಬಹುಪಾಲನ್ನು ಎಂಟೊಂಬತ್ತು ಮಂದಿಯೇ ಆಡುತ್ತಾರೆ. ಯಾವ ನಿಮಿಷಕ್ಕೆ ಎಷ್ಟು ಬೆಲೆ, ಎತ್ತರದ ಆಟಗಾರನೊಬ್ಬನಿಗೆ ಅರ್ಧ ಹಣವನ್ನು ಸುರಿದರೆ ಚೆಂಡನ್ನು ಕೊಂಡೊಯ್ಯುವವನಿಗೆ ಏನು ಉಳಿಯುತ್ತದೆ, ಹನ್ನೆರಡನೆಯವನು ಬೆಂಚಿನ ಮೇಲೆ ಕುಳಿತೇ ತೃಪ್ತನಾಗಿರಲು ಎಷ್ಟು ಬೇಕು, ಇವೇ ಆತನ ಪ್ರಶ್ನೆಗಳು. ಫುಟ್‌ಬಾಲಿಲ್ಲದ ಮಾರ್ಕೆಟ್, ಕ್ರೈಟನ್, ಸೇಂಟ್ ಜಾನ್ಸ್‌ಗಳಂಥ ವಿದ್ಯಾಸಂಸ್ಥೆಗಳಿಗೆ ಇಲ್ಲೊಂದು ಅನುಕೂಲವಿದೆ. ಅವು ತಮ್ಮ ಹಣದ ದೊಡ್ಡ ಪಾಲನ್ನು ಬ್ಯಾಸ್ಕೆಟ್‌ಬಾಲಿಗೇ ಮೀಸಲಿಡಬಹುದು.

ಏಪ್ರಿಲಿನ ಮೊದಲ ವಾರದ ಸುಮಾರಿಗೆ ರಾಷ್ಟ್ರೀಯ ಪಂದ್ಯಾವಳಿ ಮುಗಿಯುತ್ತದೆ. ಮ್ಯಾನೇಜರಿನ ಸುಗ್ಗಿ ಆಗಲೇ. ಮೊದಲು ತನ್ನವರನ್ನೇ ಉಳಿಸಿಕೊಳ್ಳಬೇಕು. ಅವರ ಪರವಾಗಿ ಬರುವ ಏಜೆಂಟರೊಡನೆ ಚೌಕಾಸಿ ನಡೆಸಬೇಕು. ಆಮೇಲೆ ವರ್ಗಾವಣೆಯ ಪಟ್ಟಿಗೆ ಬಂದವರ ಆಟದ ಚಿತ್ರಗಳನ್ನೂ ಅಂಕಿಗಳನ್ನೂ ತೂಗಬೇಕು. ದುರ್ಬಲ ತಂಡಗಳೆದುರು ಪಂದ್ಯಕ್ಕೆ 20 ಅಂಕ ಗಳಿಸಿದವನು ಪ್ರಬಲರ ಎದುರು ಎಷ್ಟು ಗಳಿಸಬಲ್ಲನೆಂದು ಅಂದಾಜು ಮಾಡುವುದರಲ್ಲಿಯೇ ಆತನ ಜಾಣತನ. ಆಟಗಾರ ಒಪ್ಪಿದರೂ ಮುಗಿಯಲಿಲ್ಲ. ಹಿಂದಿನ ಕಾಲೇಜಿನಲ್ಲಿ ಓದಿದ ವಿಷಯಗಳು ಇಲ್ಲಿ ಸಲ್ಲುತ್ತವೆಯೇ ಎಂದು ರಿಜಿಸ್ಟ್ರಾರರ ಕಚೇರಿಯಲ್ಲಿ ವಿಚಾರಿಸಬೇಕು. ಪರದೇಶದವನಾದರೆ, ವಿದ್ಯಾರ್ಥಿ ವೀಸಾದ ಮೇಲೆ ಬಂದವನು ಹಣ ಗಳಿಸುವುದಕ್ಕಿರುವ ನಿರ್ಬಂಧಗಳನ್ನು ವಕೀಲರೊಡನೆ ಪರಿಶೀಲಿಸಬೇಕು. ಹೊರಗಿನ ವ್ಯಾಪಾರಸಂಸ್ಥೆಯೊಂದು 600 ಡಾಲರಿಗೆ ಮೇಲ್ಪಟ್ಟು ಕೊಡುವುದಾದರೆ, ಆ ಕರಾರು ನಿಜವಾದ ಜಾಹೀರಾತಿನದೋ ಸಂಬಳಕ್ಕೆ ತೊಡಿಸಿದ ಮುಸುಕೋ ಎಂದು ನೋಡಲು 2025ರಲ್ಲಿ ರಚಿತವಾದ ಕಾಲೇಜು ಕ್ರೀಡಾ ಆಯೋಗದ ವ್ಯವಸ್ಥೆಗೆ ಅದನ್ನು ಒಪ್ಪಿಸಬೇಕು. ಇವುಗಳ ನಡುವೆ ದಾನಿಗಳಾದ ಹಳೆಯ ವಿದ್ಯಾರ್ಥಿಗಳನ್ನು ಕಾಣುವುದಂತೂ ಇದ್ದೇ ಇದೆ.

ಈ ಪದವಿಗೆ ಬಂದವರು ಯಾರೆಂದು ನೋಡಿದರೆ ಅದರ ಸ್ವರೂಪ ಇನ್ನಷ್ಟು ತಿಳಿಯಾಗುತ್ತದೆ. ಡ್ಯೂಕ್ ವಿಶ್ವವಿದ್ಯಾನಿಲಯದ ಪುರುಷರ ತಂಡ 2022ರಲ್ಲಿ ತನ್ನ ಪ್ರಥಮ ಜನರಲ್ ಮ್ಯಾನೇಜರಾಗಿ ರೇಚಲ್ ಬೇಕರ್ ಎಂಬ ಮಹಿಳೆಯನ್ನು ನೇಮಿಸಿತು. ಆಕೆ ನೈಕಿ ಕಂಪನಿಯಲ್ಲಿಯೂ ವೃತ್ತಿ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಲ್ಲಿಯೂ ಕೆಲಸ ಮಾಡಿದ್ದವರು. 2024ರ ಸೆಪ್ಟೆಂಬರಿನಲ್ಲಿ ಪ್ರಖ್ಯಾತ ಕ್ರೀಡಾವರದಿಗಾರ ಏಡ್ರಿಯನ್ ವೊಯ್ನರೌಸ್ಕಿ ಪತ್ರಿಕೋದ್ಯಮವನ್ನು ತೊರೆದು, ತಾವು ಓದಿದ ಸೇಂಟ್ ಬೊನವೆಂಚರ್ ವಿಶ್ವವಿದ್ಯಾನಿಲಯದಲ್ಲಿ ಈ ಕೆಲಸಕ್ಕೆ ಸೇರಿದರು. 2025ರಲ್ಲಿ ನಾರ್ತ್ ಕೆರೊಲೈನಾ ವಿಶ್ವವಿದ್ಯಾನಿಲಯ ಆರಿಸಿಕೊಂಡುದು ಆಟಗಾರರ ಏಜೆಂಟರಾಗಿದ್ದ ಜಿಮ್ ಟ್ಯಾನರ್ ಅವರನ್ನು. ಒಬ್ಬರು ಮಾರಾಟವನ್ನು ಬಲ್ಲವರು, ಒಬ್ಬರು ಸುದ್ದಿಯನ್ನು ಬಲ್ಲವರು, ಒಬ್ಬರು ಕರಾರನ್ನು ಬಲ್ಲವರು. ಆಟ ಕಲಿಸಿ ಹೆಸರಾದವರು ಈ ಮೂವರಲ್ಲಿ ಒಬ್ಬರೂ ಇಲ್ಲ. ಅದೇ ವರ್ಷ ಶಕೀಲ್ ಓನೀಲ್ ಅವರು ಸ್ಯಾಕ್ರಮೆಂಟೊ ಸಂಸ್ಥಾನ ವಿಶ್ವವಿದ್ಯಾನಿಲಯದಲ್ಲಿ ಈ ಹೆಸರನ್ನು ಧರಿಸಿದರು; ಅಂಥ ನೇಮಕಗಳಲ್ಲಿ ಆಡಳಿತಕ್ಕಿಂತ ಆಕರ್ಷಣೆಯ ಅಂಶವೇ ಹೆಚ್ಚೆಂದು ತೋರುತ್ತದೆ.

ಕೋಚಿಗೂ ಮ್ಯಾನೇಜರಿಗೂ ಇರುವ ಸಂಬಂಧ ಇನ್ನೂ ಎಲ್ಲೆಡೆ ಒಂದೇ ರೀತಿಯಾಗಿಲ್ಲ. ಸಾಮಾನ್ಯವಾಗಿ ಕೊನೆಯ ಮಾತು ಕೋಚಿನದೇ. ನನ್ನ ಅಭಿಪ್ರಾಯದಲ್ಲಿ ಈ ವಿಭಜನೆಯಿಂದ ಒಂದು ನಿಜವಾದ ಪ್ರಯೋಜನವುಂಟು: ಬೆಳಿಗ್ಗೆ ಹುಡುಗನ ಬೆಲೆಯನ್ನು ಇಳಿಸಲು ವಾದಿಸಿದವನೇ ಸಂಜೆ ಅವನ ತಪ್ಪುಗಳನ್ನು ತಿದ್ದುವ ಗುರುವಾಗಿ ನಿಲ್ಲುವ ಮುಜುಗರ ತಪ್ಪುತ್ತದೆ. ಆದರೆ ಇದರಿಂದ ಎಲ್ಲರಿಗೂ ಸಮಾಧಾನವಾಗಿಲ್ಲ. ವರ್ಜೀನಿಯಾ ತಂಡಕ್ಕೆ 2019ರ ರಾಷ್ಟ್ರೀಯ ಪ್ರಶಸ್ತಿಯನ್ನು ತಂದಿತ್ತ ಟೋನಿ ಬೆನೆಟ್ 2024ರ ಅಕ್ಟೋಬರಿನಲ್ಲಿ, ಪಂದ್ಯಗಳ ಋತು ಇನ್ನೇನು ಆರಂಭವಾಗಬೇಕೆನ್ನುವಾಗ, ಈಗಿನ ವಾತಾವರಣಕ್ಕೆ ತಾನು ತಕ್ಕವನಲ್ಲವೆಂದು ನಿವೃತ್ತರಾದರು.

ಚಿಕ್ಕ ಕಾಲೇಜುಗಳಿಗೆ ತಗುಲಿದ ಪೆಟ್ಟು ಇದಕ್ಕಿಂತ ಆಳವಾದುದು. ನಾರ್ತ್ ಕೆರೊಲೈನಾದ ಡೇವಿಡ್ಸನ್ ಕಾಲೇಜನ್ನೇ ತೆಗೆದುಕೊಳ್ಳಬಹುದು. 2008ರಲ್ಲಿ ಸ್ಟೀಫನ್ ಕರಿ ಎಂಬ ಎರಡನೆಯ ವರ್ಷದ ವಿದ್ಯಾರ್ಥಿಯ ಆಟದಿಂದ ಅದು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ಕ್ಯಾನ್ಸಸ್ ವಿರುದ್ಧ 59-57ರಿಂದ ಸೋತಿತು. ಮರುವರ್ಷವೂ ಕರಿ ಅದೇ ಕಾಲೇಜಿಗೆ ಆಡಿದರು. ಇಂದಿನ ನಿಯಮಗಳಿದ್ದಿದ್ದರೆ ಆ ಬೇಸಗೆಯಲ್ಲಿ ಎಷ್ಟು ಮಂದಿ ಮ್ಯಾನೇಜರರು ಅವರ ಮನೆಯ ಬಾಗಿಲು ತಟ್ಟುತ್ತಿದ್ದರೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. 2025ರ ಮಾರ್ಚಿನಲ್ಲಿ ಕರಿ ಅದೇ ಕಾಲೇಜಿನ ಸಹಾಯಕ ಜನರಲ್ ಮ್ಯಾನೇಜರೆಂಬ ಹುದ್ದೆಯನ್ನು ಒಪ್ಪಿಕೊಂಡು, ಆಟಗಾರರಿಗಾಗಿ ನಿಧಿಯೊಂದಕ್ಕೂ ನೆರವಾದರು. ತಮ್ಮಂಥವನನ್ನು ಅಲ್ಲಿ ಉಳಿಸಿಕೊಳ್ಳಲು ಏನು ಬೇಕೆಂಬುದನ್ನು ಅವರು ಬಲ್ಲರು.

ಇಷ್ಟೆಲ್ಲ ಹಣ ಯಾವ ಬಾಬ್ತಿನಲ್ಲಿ ಸಲ್ಲುತ್ತಿದೆ? ವಿಶ್ವವಿದ್ಯಾನಿಲಯಗಳ ಕರಾರುಪತ್ರಗಳು ಅದನ್ನು ಸಾಮಾನ್ಯವಾಗಿ ಆಟಗಾರನ ಹೆಸರು ಮತ್ತು ಚಿತ್ರಗಳ ಬಳಕೆಗೆ ಕೊಟ್ಟ ಪ್ರತಿಫಲವೆಂದು ಬರೆಯುತ್ತವೆ. ಆಡಿದ್ದಕ್ಕೆ ಕೂಲಿಯೆಂದು ಬರೆಯುವುದಿಲ್ಲ. ಮ್ಯಾನೇಜರು ನಿಮಿಷಗಳಿಗೆ ಬೆಲೆ ಕಟ್ಟುತ್ತಾನೆ, ಪತ್ರದಲ್ಲಿ ಮಾತ್ರ ಚಿತ್ರಗಳಿಗೆ ಬೆಲೆ ಕಾಣುತ್ತದೆ. ನೌಕರನೆಂದು ಒಪ್ಪಿದರೆ ಕಾರ್ಮಿಕ ಕಾನೂನು, ಅಪಘಾತ ಪರಿಹಾರ, ಸಂಘಟನೆಯ ಹಕ್ಕು ಎಲ್ಲವೂ ಹಿಂದೆಯೇ ಬರುತ್ತವೆ. 1950ರ ದಶಕದ ಆ ಜೋಡುಪದ ಕಾಯುತ್ತಿದ್ದುದೂ ಇದೇ ಬಾಗಿಲನ್ನು. ಇದನ್ನು ನೇರವಾಗಿ ಪರೀಕ್ಷಿಸಿದವರು, ಆಟಕ್ಕೆಂದು ವಿದ್ಯಾರ್ಥಿವೇತನವನ್ನೇ ಕೊಡದ ಐವಿ ಲೀಗಿನ ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರರು. ಅವರು ನೌಕರರೇ ಹೌದೆಂದು 2024ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಪ್ರಾದೇಶಿಕ ಅಧಿಕಾರಿ ತೀರ್ಮಾನವಿತ್ತರು. ಮಾರ್ಚಿನಲ್ಲಿ ಹದಿನೈದು ಮಂದಿ ಆಟಗಾರರು ಮತ ಹಾಕಿದರು. ಕಾರ್ಮಿಕ ಸಂಘವನ್ನು ಸೇರಬೇಕೆಂದು 13, ಬೇಡವೆಂದು 2. ಕಾಲೇಜು ಅವರೊಡನೆ ಮಾತುಕತೆಗೆ ಕೂಡಲು ಒಪ್ಪಲಿಲ್ಲ. 2024ರ ಡಿಸೆಂಬರ್ 31ರಂದು ಆ ಅರ್ಜಿಯನ್ನು ಹಿಂತೆಗೆದುಕೊಳ್ಳಲಾಯಿತು.