ಸುತ್ತಳತೆ ಮತ್ತು ವಯಸ್ಸು: ಉಷ್ಣವಲಯದ ಕಾಡುಗಳಲ್ಲಿ ಮರದ ಉಂಗುರಗಳು ತಿಳಿಸುವ ಕಡಿತದ ನ್ಯಾಯ

ಜಾನಪದ ಕ್ಷೇತ್ರಕಾರ್ಯದಲ್ಲಿ ತೊಡಗಿದವರಿಗೆಲ್ಲ ವಯಸ್ಸಿನ ಪ್ರಶ್ನೆ ಒಂದಲ್ಲ ಒಂದು ಬಾರಿ ಎದುರಾಗಿರುತ್ತದೆ. ಹುಟ್ಟಿದ ದಿನವನ್ನು ಬರೆದಿಡದ ಹಿರಿಯರು ತಮ್ಮ ವಯಸ್ಸನ್ನು ಇಸವಿಯಲ್ಲಿ ಹೇಳುವುದಿಲ್ಲ. ಬರ ಬಿದ್ದ ವರ್ಷ, ಹೊಳೆ ಉಕ್ಕಿದ ವರ್ಷ, ಪ್ಲೇಗಿಗೆ ಊರು ಬಿಟ್ಟ ವರ್ಷ ಎಂದು ಗುರುತು ಹೇಳುತ್ತಾರೆ. 1876-78ರ ಮಹಾಕ್ಷಾಮವು ಹಳೆಯ ಮೈಸೂರಿನ ಜನರ ನೆನಪಿನಲ್ಲಿ ಧಾತು, ಈಶ್ವರ ಎಂಬ ಸಂವತ್ಸರಗಳ ಹೆಸರಿನಿಂದಲೇ ಬಹುಕಾಲ ಉಳಿಯಿತು. ಮರವೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ತನ್ನ ವಯಸ್ಸನ್ನು ಇಟ್ಟುಕೊಂಡಿರುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಅಗಲವಾದ ಉಂಗುರ, ಬರದ ವರ್ಷ ಕಿರಿದಾದ ಉಂಗುರ. ಈ ಉಂಗುರಗಳನ್ನು ಓದುವ ಶಾಸ್ತ್ರವು ಉಷ್ಣವಲಯದ ಕಾಡುಗಳಲ್ಲಿ ಯಾವ ಮರವನ್ನು, ಯಾವಾಗ, ಎಷ್ಟು ಕಡಿಯಬಹುದು ಎಂಬ ಪ್ರಶ್ನೆಗೆ ಹೇಗೆ ಉತ್ತರ ಕೊಡುತ್ತದೆ ಎಂಬುದನ್ನು ವಿವರಿಸುವುದು, ಆ ಉತ್ತರವನ್ನು ಜನಪದರ ವೃಕ್ಷಜ್ಞಾನದ ಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಪ್ರಶ್ನೆಯ ಸ್ವರೂಪ

ಆಧುನಿಕ ಅರಣ್ಯಾಡಳಿತವು ಮರವನ್ನು ಅಳೆಯುವುದು ಮುಖ್ಯವಾಗಿ ದಪ್ಪದಿಂದ. ಎದೆಮಟ್ಟದಲ್ಲಿ ಅಳತೆ ಪಟ್ಟಿ ಸುತ್ತಿದಾಗ ಇಂತಿಷ್ಟು ಅಳತೆ ಮೀರಿದ್ದರೆ ಮರ ಕಡಿತಕ್ಕೆ ಅರ್ಹ. ಒಮ್ಮೆ ಕಡಿದ ಪ್ರದೇಶಕ್ಕೆ ಇಂತಿಷ್ಟು ವರ್ಷ ಬಿಟ್ಟು ಮತ್ತೆ ಬರಬೇಕು. ಮೊದಲನೆಯದು ಕನಿಷ್ಠ ವ್ಯಾಸದ ನಿಯಮ, ಎರಡನೆಯದು ಕಡಿತದ ಆವರ್ತನ. ಎರಡೂ ಸುಲಭವಾಗಿ ಜಾರಿಗೆ ಬರುವಂಥವು. ಆದರೆ ಅವುಗಳ ನಡುವೆ ಒಂದು ಕಂದರವಿದೆ. ಕಡಿದ ಮರದ ಜಾಗದಲ್ಲಿ ಅಷ್ಟೇ ದಪ್ಪದ ಇನ್ನೊಂದು ಮರ ಸಿದ್ಧವಾಗಲು ಎಷ್ಟು ಕಾಲ ಬೇಕು ಎಂಬುದನ್ನು ಅಳತೆ ಪಟ್ಟಿ ಹೇಳಲಾರದು. ದಟ್ಟ ನೆರಳಿನಲ್ಲಿ ದಶಕಗಟ್ಟಲೆ ಬೆಳಕಿಗಾಗಿ ಕಾದು ನಿಂತ ಸಣ್ಣ ಮರವು ತೆರವಿನಲ್ಲಿ ಬೆಳೆದ ದೊಡ್ಡ ಮರಕ್ಕಿಂತ ಹಿರಿಯದಾಗಿರುವುದುಂಟು. ದಪ್ಪವನ್ನು ಕಾಲಕ್ಕೆ ಪರಿವರ್ತಿಸುವ ಒಂದು ಲೆಕ್ಕ ಬೇಕು. ಆ ಲೆಕ್ಕ ಇರುವುದು ಮರದೊಳಗೆ.

2. ಉಷ್ಣವಲಯದ ಮರಕ್ಕೆ ಉಂಗುರವುಂಟೇ?

ಚಳಿದೇಶಗಳಲ್ಲಿ ಹಿಮಗಾಲವು ಮರದ ಬೆಳವಣಿಗೆಯನ್ನು ಪ್ರತಿವರ್ಷ ನಿಲ್ಲಿಸುತ್ತದೆ. ತೊಗಟೆಯ ಒಳಗಿನ ಕ್ಯಾಂಬಿಯಂ ಎಂಬ ಬೆಳೆಯುವ ಪದರ ಮಲಗಿ ಏಳುತ್ತದೆ. ಆ ನಿಲುಗಡೆಯೇ ಉಂಗುರದ ಗಡಿ. ವರ್ಷವಿಡೀ ಬೆಚ್ಚಗಿರುವ ಉಷ್ಣವಲಯದಲ್ಲಿ ಇಂಥ ನಿಲುಗಡೆ ಇಲ್ಲವಾದ್ದರಿಂದ ಅಲ್ಲಿಯ ಮರಗಳಿಗೆ ವಾರ್ಷಿಕ ಉಂಗುರವಿಲ್ಲ ಎಂಬ ನಂಬಿಕೆ ವಿದ್ವತ್ ವಲಯದಲ್ಲಿ ಬಹುಕಾಲ ಬಲವಾಗಿತ್ತು. ಈ ನಂಬಿಕೆಗೆ ಎದುರಾಗಿ ನಿಂತ ಮರಗಳಲ್ಲಿ ತೇಗ ಪ್ರಮುಖವಾದುದು. ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುವ ತೇಗವು ಮಳೆ ಹಿಡಿದೊಡನೆ ದೊಡ್ಡ ರಂಧ್ರಗಳ ಸಾಲೊಂದನ್ನು ಕಟ್ಟುತ್ತದೆ. ಕೊಯ್ದ ಹಲಗೆಯ ತುದಿಯಲ್ಲಿ ಈ ಸಾಲು ಬರಿಗಣ್ಣಿಗೂ ಕಾಣುತ್ತದೆ. ಬರ್ಲಾಗೆ ಎಂಬ ಡಚ್ ವಿಜ್ಞಾನಿ ಜಾವಾದ ತೇಗದಿಂದ 1514ರಿಂದ 1929ರವರೆಗಿನ ಉಂಗುರಗಳ ಸರಣಿಯನ್ನು ಜೋಡಿಸಿ 1931ರಲ್ಲಿ ಪ್ರಕಟಿಸಿದನು. ಕೇರಳದ ತೇಗದ ಮರಗಳಿಂದ 523 ವರ್ಷಗಳ ಸರಣಿಯನ್ನು ಕಟ್ಟಿದ ಅಧ್ಯಯನವನ್ನು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು. ಮುಂಗಾರು ಸೋತ ಅನೇಕ ವರ್ಷಗಳ ಗುರುತು ಅದರಲ್ಲಿ ಕಿರಿದಾದ ಉಂಗುರಗಳಾಗಿ ಕಾಣಿಸಿಕೊಂಡಿದೆ.

ಎಣಿಸಿದ ಗೆರೆ ನಿಜವಾಗಿಯೂ ಒಂದು ವರ್ಷದ್ದೇ ಎಂದು ಸಾಬೀತುಪಡಿಸುವುದು ಇಲ್ಲಿ ಅತ್ಯಗತ್ಯ. ನಡುವೆ ಮಳೆ ಕೈಕೊಟ್ಟು ಮತ್ತೆ ಬಂದರೆ ಒಂದೇ ವರ್ಷದಲ್ಲಿ ಸುಳ್ಳು ಉಂಗುರವೊಂದು ಮೂಡಬಹುದು. ತೀರಾ ಕೆಟ್ಟ ವರ್ಷದಲ್ಲಿ ಉಂಗುರವೇ ಮೂಡದಿರಬಹುದು. ಇದರ ಪರೀಕ್ಷೆಗೆ ಹಲವು ದಾರಿಗಳಿವೆ. ನೆಟ್ಟ ವರ್ಷ ತಿಳಿದಿರುವ ತೋಪುಗಳಲ್ಲಿ ಎಣಿಸಿ ನೋಡುವುದು ಸರಳವಾದ ದಾರಿ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿಯ ಕಾಲದಲ್ಲಿ ಚಾತು ಮೇನೋನ್ ಬೆಳೆಸಿದ ನಿಲಂಬೂರಿನ ತೇಗದ ತೋಪು ಅಂಥದ್ದೊಂದು. ಫ್ರೆಂಚ್ ಅರಣ್ಯ ವಿಜ್ಞಾನಿ ಮರಿಯೋ 1967ರಲ್ಲಿ ವಿವರಿಸಿದ ಇನ್ನೊಂದು ವಿಧಾನದಲ್ಲಿ ಪ್ರತಿವರ್ಷ ತೊಗಟೆಯಲ್ಲಿ ಸಣ್ಣ ಕಿಂಡಿ ಕೊರೆದು ಕ್ಯಾಂಬಿಯಂಗೆ ಗಾಯ ಮಾಡಲಾಗುತ್ತದೆ. ಕೆಲವು ವರ್ಷಗಳ ಬಳಿಕ ಎರಡು ಗಾಯದ ಕಲೆಗಳ ನಡುವೆ ಎಷ್ಟು ಉಂಗುರ ಬೆಳೆದಿದೆ ಎಂದು ನೋಡಲಾಗುತ್ತದೆ. 1950-60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳಿಂದ ವಾತಾವರಣದಲ್ಲಿ ಏರಿದ ವಿಕಿರಣ ಇಂಗಾಲವೂ ಆ ವರ್ಷಗಳ ಕಟ್ಟಿಗೆಯಲ್ಲಿ ಸೇರಿಕೊಂಡು ಕಾಲದ ಮುದ್ರೆಯಾಗಿದೆ. ನಿಂತ ಮರವನ್ನು ಓದಲು ಕಡಿಯಬೇಕಾಗಿಲ್ಲ. ಟೊಳ್ಳು ಬೈರಿಗೆಯಿಂದ ತಿರುಳಿನವರೆಗೆ ಕೊರೆದು ಸಣ್ಣ ಕಡ್ಡಿಯಂಥ ತುಣುಕನ್ನು ಹೊರತೆಗೆದರೆ ಸಾಕು.

3. ಬರ್ಮಾದ ಬಿದಿರುಕಡ್ಡಿ

ಉಂಗುರದ ಎಣಿಕೆಯನ್ನು ಕಡಿತದ ನಿಯಮಕ್ಕೆ ಜೋಡಿಸಿದವರಲ್ಲಿ ಮೊದಲಿಗನೆಂದು ಜರ್ಮನ್ ಸಸ್ಯವಿಜ್ಞಾನಿ ಡೀಟ್ರಿಶ್ ಬ್ರಾಂಡಿಸ್‌ನನ್ನು ಹೇಳಬಹುದು. 1856ರಲ್ಲಿ ಆತ ಬರ್ಮಾದ ಪೆಗು ಪ್ರಾಂತ್ಯದ ತೇಗದ ಕಾಡುಗಳ ಹೊಣೆ ವಹಿಸಿಕೊಂಡಾಗ ವ್ಯಾಪಾರಿಗಳ ಕೊಡಲಿಯಿಂದ ಆ ಕಾಡುಗಳು ಬರಿದಾಗುತ್ತಿದ್ದವು. ಆನೆಯ ಮೇಲೆ ಕುಳಿತು ಕಾಡಿನ ಏರುಗಳಲ್ಲಿ ಸಾಗುತ್ತ, ಎಡಗೈಯಲ್ಲಿ ಹಿಡಿದ ಬಿದಿರಿನ ತುಂಡುಗಳ ಮೇಲೆ, ಎದುರಾದ ತೇಗದ ಮರ ಯಾವ ಗಾತ್ರದ ವರ್ಗಕ್ಕೆ ಸೇರುತ್ತದೋ ಆ ತುಂಡಿನಲ್ಲಿ ಚಾಕುವಿನಿಂದ ಒಂದೊಂದು ಕಚ್ಚು ಹಾಕಿ ಮರಗಳನ್ನು ಎಣಿಸಿದನು. ಕೋಲಿನ ಮೇಲೆ ಕಚ್ಚು ಹಾಕಿ ಲೆಕ್ಕ ಇಡುವುದು ಬರಹ ತಿಳಿಯದ ಸಮಾಜಗಳು ಲೋಕದ ಎಲ್ಲೆಡೆ ಬಳಸಿದ ಪದ್ಧತಿ. ವೈಜ್ಞಾನಿಕ ಅರಣ್ಯಶಾಸ್ತ್ರದ ಮೊದಲ ಗಣತಿಗಳಲ್ಲೊಂದು ಅದೇ ಪದ್ಧತಿಯಲ್ಲಿ ನಡೆದುದು ಗಮನಾರ್ಹ.

ಬ್ರಾಂಡಿಸ್‌ನ ತರ್ಕ ಹೀಗಿತ್ತು: 6 ಅಡಿಗಿಂತ ಹೆಚ್ಚು ಸುತ್ತಳತೆಯ ಮರಗಳು ಮೊದಲ ವರ್ಗ, ಅವು ಮಾತ್ರ ಕಡಿತಕ್ಕೆ ಯೋಗ್ಯ. ಎರಡನೆಯ ವರ್ಗದ ಮರಗಳು ಮೊದಲ ವರ್ಗಕ್ಕೆ ಏರಲು ಎಷ್ಟು ವರ್ಷ ಬೇಕೆಂಬುದನ್ನು ಉಂಗುರಗಳಿಂದ ತಿಳಿಯಬೇಕು. ಒಂದು ವರ್ಷದಲ್ಲಿ ಎಷ್ಟು ಮರಗಳು ಕೆಳಗಿನಿಂದ ಮೇಲಿನ ವರ್ಗಕ್ಕೆ ಏರುತ್ತವೆಯೋ ಅದಕ್ಕಿಂತ ಹೆಚ್ಚು ಮರಗಳನ್ನು ಆ ವರ್ಷ ಕಡಿಯಬಾರದು. ಬಡ್ಡಿಯನ್ನು ಉಣ್ಣು, ಗಂಟನ್ನು ಮುಟ್ಟಬೇಡ ಎಂಬ ಲೆಕ್ಕ ಇದು. ಆದರೆ ಅದು ತೇಗವೆಂಬ ಒಂದೇ ಜಾತಿಯ ಲೆಕ್ಕವಾಗಿತ್ತು.

4. ಅಮೆಜಾನಿನ ನೆರೆಗಾಡು

ಹಲವು ಜಾತಿಗಳು ಬೆರೆತ ಕಾಡಿನಲ್ಲಿ ಈ ತರ್ಕವು ಹೇಗೆ ಬೆಳೆಯಿತೆಂಬುದಕ್ಕೆ ಬ್ರೆಜಿಲಿನ ಮಧ್ಯ ಅಮೆಜಾನ್ ಪ್ರದೇಶವು ಉತ್ತಮ ನಿದರ್ಶನ. ಅಲ್ಲಿ ನದಿಯ ಮೆಕ್ಕಲುಮಣ್ಣಿನ ಮೇಲೆ ಬೆಳೆದ, ಪ್ರತಿವರ್ಷ ತಿಂಗಳುಗಟ್ಟಲೆ ಮೀಟರುಗಟ್ಟಲೆ ನೀರಿನಲ್ಲಿ ನಿಲ್ಲುವ ಕಾಡನ್ನು ‘ವಾರ್ಜಿಯಾ’ ಎನ್ನುತ್ತಾರೆ. ಬೇರು ಮುಳುಗಿದಾಗ ಉಸಿರಾಟಕ್ಕೆ ಆಮ್ಲಜನಕ ಸಿಗದೆ ಮರದ ಬೆಳವಣಿಗೆ ನಿಲ್ಲುತ್ತದೆ. ನೀರು ಇಳಿದಾಗ ಮತ್ತೆ ಚಿಗುರುತ್ತದೆ. ನಮ್ಮ ತೇಗಕ್ಕೆ ಉಂಗುರ ಹಾಕುವುದು ಬೇಸಿಗೆಯ ಒಣಗು, ಅಲ್ಲಿಯ ಮರಕ್ಕೆ ಉಂಗುರ ಹಾಕುವುದು ನೆರೆಯ ಮುಳುಗಡೆ.

ಈ ಕಾಡಿನ 12 ವಾಣಿಜ್ಯ ಜಾತಿಗಳ ಉಂಗುರಗಳನ್ನು ಓದಿದ ಯೊಖೆನ್ ಶೋನ್‌ಗಾರ್ಟ್ 2008ರಲ್ಲಿ ಬೆಳವಣಿಗೆಯನ್ನು ಆಧರಿಸಿದ ಕಡಿತದ ಪದ್ಧತಿಯೊಂದನ್ನು ಮಂಡಿಸಿದರು. ಆಗ ಜಾರಿಯಲ್ಲಿದ್ದ ನಿಯಮವು ಎಲ್ಲ ಜಾತಿಗೂ 50 ಸೆಂಟಿಮೀಟರ್ ವ್ಯಾಸ, 25 ವರ್ಷದ ಆವರ್ತನ ಎಂದಿತ್ತು. ಉಂಗುರಗಳು ಬೇರೆಯೇ ಚಿತ್ರ ಕೊಟ್ಟವು. ಜಾತಿಯಿಂದ ಜಾತಿಗೆ ಕಡಿತದ ಕನಿಷ್ಠ ವ್ಯಾಸವು 47ರಿಂದ 70 ಸೆಂಟಿಮೀಟರಿನವರೆಗೆ, ಆವರ್ತನವು 3ರಿಂದ 32 ವರ್ಷದವರೆಗೆ ವ್ಯತ್ಯಾಸವಾಗುತ್ತದೆಂದು ಕಂಡುಬಂದಿತು.

ಲೆಕ್ಕದ ಕ್ರಮ ಕಠಿಣವಲ್ಲ. ಮರವು ವರ್ಷಕ್ಕೆ ಅತಿ ಹೆಚ್ಚು ಕಟ್ಟಿಗೆಯನ್ನು ಕಟ್ಟುವ ಹಂತ ಯಾವುದೆಂದು ಉಂಗುರಗಳಿಂದ ಗುರುತಿಸಿ, ಆ ಹಂತದ ವ್ಯಾಸವನ್ನೇ ಕಡಿತದ ಮಿತಿ ಮಾಡಲಾಗುತ್ತದೆ. ಅದಕ್ಕಿಂತ ಮೊದಲೇ ಕಡಿದರೆ ಮರದ ಅತ್ಯುತ್ತಮ ಬೆಳವಣಿಗೆಯ ವರ್ಷಗಳು ನಷ್ಟವಾಗುತ್ತವೆ. ಬಳಿಕ, 10 ಸೆಂಟಿಮೀಟರಿನ ಒಂದೊಂದು ವರ್ಗವನ್ನು ದಾಟಲು ಮರಕ್ಕೆ ಸರಾಸರಿ ಎಷ್ಟು ವರ್ಷ ಬೇಕೋ ಅದೇ ಕಡಿತದ ಆವರ್ತನ. ಉದಾಹರಣೆಗೆ, ಒಂದು ಜಾತಿಯ ಮರ 60 ಸೆಂಟಿಮೀಟರ್ ತಲುಪಲು 180 ವರ್ಷ ತೆಗೆದುಕೊಳ್ಳುತ್ತದೆಂದು ಭಾವಿಸೋಣ. ಆರು ವರ್ಗಗಳಲ್ಲಿ ಹಂಚಿದರೆ ವರ್ಗಕ್ಕೆ 30 ವರ್ಷ. ಇನ್ನೊಂದು ಜಾತಿ ಅದೇ ದಪ್ಪವನ್ನು 30 ವರ್ಷಗಳಲ್ಲಿ ತಲುಪಿದರೆ ವರ್ಗಕ್ಕೆ 5 ವರ್ಷ. ಇವೆರಡಕ್ಕೂ 25 ವರ್ಷದ ಒಂದೇ ನಿಯಮ ಹಾಕಿದರೆ ಮೊದಲನೆಯದು ಪ್ರತಿ ಸುತ್ತಿನಲ್ಲೂ ಸ್ವಲ್ಪಸ್ವಲ್ಪವಾಗಿ ಸವೆಯುತ್ತದೆ. ಎರಡನೆಯದು ಬಳಕೆಗೆ ಬಾರದೆ ಉಳಿಯುತ್ತದೆ. ನಮ್ಮ ಬೂರುಗದ ಬಳಗಕ್ಕೆ ಸೇರಿದ ಮುಂಗುಬದಂಥ ಹಗುರ ಕಟ್ಟಿಗೆಯ ಮರಗಳು ಕೆಲವೇ ದಶಕಗಳಲ್ಲಿ ದಪ್ಪವಾಗುತ್ತವೆ. ಪಿರಾನ್ಹೇಯದಂಥ ಗಟ್ಟಿಮರಗಳಿಗೆ ನೂರು ವರ್ಷಕ್ಕೂ ಮೀರಿದ ಕಾಲ ಬೇಕು.

ಬೊಲಿವಿಯಾದಲ್ಲಿಯೂ ಇದೇ ಬಗೆಯ ಕೆಲಸ ನಡೆದಿದೆ. ಅಲ್ಲಿಯ ನಾಲ್ಕು ಜಾತಿಗಳ ಉಂಗುರಗಳನ್ನು ಆಧರಿಸಿ ಬ್ರೀನೆನ್ ಮತ್ತು ಜೌಡೆಮಾ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 20 ವರ್ಷದ ಆವರ್ತನದಲ್ಲಿ ಎರಡನೆಯ ಬಾರಿ ಕಡಿಯಲು ಬಂದಾಗ ಮೊದಲ ಬಾರಿಯಷ್ಟು ಮರ ದೊರೆಯುವುದಿಲ್ಲ. ಕಾಗದದ ಮೇಲೆ ಸುಸ್ಥಿರವೆನಿಸಿದ ಕಡಿತವು ಕಾಡಿನಲ್ಲಿ ಸಾಲವಾಗಿ ಉಳಿಯುತ್ತದೆ.

5. ಜನಪದರ ವೃಕ್ಷಜ್ಞಾನದ ಎದುರಿನಲ್ಲಿ

ನಮ್ಮ ಬಡಗಿಗಳೂ ಕಾಡಂಚಿನ ಜನರೂ ಮರವನ್ನು ಎಂದೂ ಒಂದೇ ಅಳತೆಯಿಂದ ನೋಡಿದವರಲ್ಲ. ಮತ್ತಿ, ಹೊನ್ನೆ, ಬೀಟೆ, ನಂದಿ, ತೇಗ ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬಳಕೆ, ಬೇರೆ ಹದ. ಮರ ದಪ್ಪವಾದರೆ ಸಾಲದು, ಚೇಗು ಬಲಿತಿರಬೇಕು. ಆಲ, ಅರಳಿ, ಅತ್ತಿಯಂಥ ಹಾಲುಮರಗಳಿಗೆ ಕೊಡಲಿ ಹಾಕಬಾರದು. ಕಡಿಯುವುದಾದರೆ ಕೃಷ್ಣಪಕ್ಷದಲ್ಲಿ, ಮರಕ್ಕೆ ಕೈಮುಗಿದು. ಇವುಗಳಲ್ಲಿ ಕೆಲವು ಅನುಭವದ ಮಾತು, ಕೆಲವು ನಂಬಿಕೆ. ಆದರೆ ಒಟ್ಟು ವ್ಯವಸ್ಥೆಯ ತಿರುಳು ಜಾತಿಭೇದವನ್ನು ಅರಿತ ಸಂಯಮ. ಒಂದೇ ವ್ಯಾಸದ ನಿಯಮವು ಮರೆತದ್ದು ಈ ಅಂಶವನ್ನೇ. ಉಂಗುರದ ವಿಜ್ಞಾನವು ದೂರದ ದಾರಿಯಲ್ಲಿ ಬಂದು ಮತ್ತೆ ತಲುಪಿದ್ದೂ ಇದೇ ನೆಲೆಯನ್ನು.

ಹಾಗೆಂದು ಎರಡನ್ನೂ ಸಮೀಕರಿಸುವುದು ಸರಿಯಲ್ಲ. ಜನಪದ ಜ್ಞಾನವು ಮನೆಯ ತೊಲೆ, ನೇಗಿಲು, ಗಾಡಿಯ ಅಗತ್ಯಗಳಿಗೆ ತಕ್ಕಂತೆ ರೂಪುಗೊಂಡುದು. ಕಾರ್ಖಾನೆಯ ಮತ್ತು ಮಾರುಕಟ್ಟೆಯ ಬೇಡಿಕೆ ಬಂದಾಗ ಎಷ್ಟು ಕಡಿದರೆ ಕಾಡು ತಾಳೀತು ಎಂಬ ಸಂಖ್ಯೆಯನ್ನು ಅದು ಕೊಡಲಾರದು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಭಾಗದ ಜನರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದಾಗ, ಕಾಡು ತೆಳುವಾಗುತ್ತಿದೆಯೆಂಬ ಅವರ ಅರಿವಿಗೆ ಕಣ್ಣಿನ ಸಾಕ್ಷಿಯಿತ್ತು. ಅಂಥ ಅರಿವಿಗೆ ಕಚೇರಿಯ ಮೇಜಿನ ಮೇಲೆ ನಿಲ್ಲುವ ಸಾಕ್ಷಿಯನ್ನು ಉಂಗುರಗಳು ಒದಗಿಸಬಲ್ಲವು. 1996ರ ಡಿಸೆಂಬರ್ 12ರ ಸರ್ವೋಚ್ಚ ನ್ಯಾಯಾಲಯದ ಆದೇಶವು ಕಾಡಿನ ಕಡಿತವನ್ನು ಕೇಂದ್ರ ಸರಕಾರ ಒಪ್ಪಿದ ಕಾರ್ಯಯೋಜನೆಗಳಿಗೆ ಕಟ್ಟಿಹಾಕಿದ ಮೇಲಂತೂ ಆ ಯೋಜನೆಗಳೊಳಗಿನ ಬೆಳವಣಿಗೆಯ ಅಂಕಿಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಉಂಗುರಗಳಿಗೂ ಮಿತಿಯಿದೆ. ಘಟ್ಟದ ನಿತ್ಯಹರಿದ್ವರ್ಣದ ಅನೇಕ ಮರಗಳಲ್ಲಿ ಗೆರೆ ಸ್ಪಷ್ಟವಿರುವುದಿಲ್ಲ. ಹಳೆಯ ಮರದ ಒಡಲು ಪೊಳ್ಳಾಗಿ ಮೊದಲ ಪುಟಗಳೇ ಕಳೆದುಹೋಗಿರುತ್ತವೆ. ಒಂದು ಮರ ಬಿದ್ದಾಗ ಸುತ್ತಲಿನ ಸಸಿಗಳಿಗೆ, ಹಕ್ಕಿಗಳಿಗೆ ಆಗುವ ನಷ್ಟವನ್ನು ಉಂಗುರ ಹೇಳುವುದಿಲ್ಲ. ಯಾವ ಮರ ದೇವರಕಾಡಿನದು, ಯಾವುದು ಯಾರಿಗೆ ಹಣ್ಣು ಕೊಡುವುದು ಎಂಬುದನ್ನು ತಿಳಿಯಲು ಊರಿನವರನ್ನೇ ಕೇಳಬೇಕು.

6. ಸಮಾರೋಪ

ಒಟ್ಟಿನಲ್ಲಿ, ಸುತ್ತಳತೆಯು ಮರ ಎಷ್ಟಿದೆ ಎಂಬುದನ್ನು ಹೇಳಿದರೆ, ಉಂಗುರವು ಅದು ಅಷ್ಟಾಗಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಹೇಳುತ್ತದೆ. ಒಂದೊಂದು ಜಾತಿಗೂ ತನ್ನದೇ ಕಾಲವಿದೆ. ಕಡಿಯುವವನು ಆ ಕಾಲಕ್ಕೆ ಹೊಂದಿಕೊಳ್ಳಬೇಕು. ಕಾಡಂಚಿನ ಹಿರಿಯರ ಮರಗಳ ಅರಿವನ್ನು ದಾಖಲಿಸುವ ಕೆಲಸವೂ ಅದೇ ಕಾಡಿನ ಉಂಗುರಗಳನ್ನು ಓದುವ ಕೆಲಸವೂ ಜೊತೆಯಾಗಿ ನಡೆಯಬೇಕಾಗಿದೆ. ಜಾನಪದ ವಿದ್ವಾಂಸರು ಮತ್ತು ಅರಣ್ಯವಿಜ್ಞಾನಿಗಳು ಒಂದೇ ಮರದ ಬುಡದಲ್ಲಿ ಕುಳಿತು ಈ ಎರಡು ದಾಖಲೆಗಳನ್ನು ಹೋಲಿಸಿ ನೋಡಿದರೆ, ಮುಂದಿನ ಕಾರ್ಯಯೋಜನೆಗಳು ಮರದ ಕಾಲವನ್ನು ಅರಿತು ಬರೆದವುಗಳಾಗುತ್ತವೆ.