ಒಂದು ಬೇರಿನ ಕಥೆ

ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಎರಡು ಬಗೆಯ ಮಾತುಗಳು ಕಿವಿಗೆ ಬೀಳುವುದುಂಟು. "ನಾರುಬೇರುಗಳಿಂದ ಏನಾದೀತು?" ಎಂದು ಒಬ್ಬರು ಹಗುರವಾಗಿ ನುಡಿದರೆ, "ಗಿಡಮೂಲಿಕೆಯಿಂದ ಎಂದಿಗೂ ಕೇಡಿಲ್ಲ" ಎಂದು ಇನ್ನೊಬ್ಬರು ಸಾಧಿಸುತ್ತಾರೆ. ಇವೆರಡೂ ಅರೆಸತ್ಯಗಳೆಂಬುದನ್ನು ನಮ್ಮ ದೇಶದ ಒಂದು ಪುಟ್ಟ ಗಿಡದ ಚರಿತ್ರೆಯು ಚೆನ್ನಾಗಿ ತೋರಿಸಿಕೊಡುತ್ತದೆ. ಆ ಗಿಡವೇ ಸರ್ಪಗಂಧಿ. ಅದರ ಕಥೆಯ ಮುಖ್ಯವಾದ ಒಂದು ಅಧ್ಯಾಯವು ನಡೆದುದು ನಮ್ಮ ಮುಂಬಯಿಯಲ್ಲಿಯೇ ಎಂಬುದು ಇಲ್ಲಿಯ ವಿದ್ಯಾರ್ಥಿಗಳಿಗೆ ಸಂತೋಷದ ಸಂಗತಿ.

ಸರ್ಪಗಂಧಿಯು ಕಣಗಿಲೆಯ ಕುಟುಂಬಕ್ಕೆ ಸೇರಿದ ಸಸ್ಯ. ಹಿಮಾಲಯದ ತಪ್ಪಲಿನಿಂದ ಪಶ್ಚಿಮ ಘಟ್ಟಗಳವರೆಗೆ, ನೆರಳೂ ತೇವವೂ ಇರುವ ಕಾಡುಗಳಲ್ಲಿ ಬೆಳೆಯುತ್ತದೆ. ಗಿಡವು ಮೊಣಕಾಲೆತ್ತರ ಅಥವಾ ಅದಕ್ಕಿಂತ ತುಸು ಹೆಚ್ಚು. ಗೆಣ್ಣುಗೆಣ್ಣಿಗೂ ಸಾಮಾನ್ಯವಾಗಿ ಮೂರು ಎಲೆಗಳು. ಬಿಳಿಯ ಹೂಗಳಿಗೆ ಕೆಂಪು ತೊಟ್ಟು. ಔಷಧಗುಣವೆಲ್ಲ ಅಡಗಿರುವುದು ಅದರ ಕಹಿಯಾದ ಬೇರಿನಲ್ಲಿ. ಹದಿನಾರನೆಯ ಶತಮಾನದ ಜರ್ಮನ್ ವೈದ್ಯ ರೌವುಲ್ಫನ ನೆನಪಿಗಾಗಿ ಸಸ್ಯಶಾಸ್ತ್ರಜ್ಞರು ಈ ಗಿಡದ ಕುಲಕ್ಕೆ "ರೌವುಲ್ಫಿಯ" ಎಂದು ಹೆಸರಿಟ್ಟಿದ್ದಾರೆ.

ನಮ್ಮ ಜನರು ಈ ಬೇರನ್ನು ಬಹುಕಾಲದಿಂದ ಮೂರು ಕಾರ್ಯಗಳಿಗೆ ಬಳಸುತ್ತಿದ್ದರು: ನಿದ್ರೆ ಬಾರದವರಿಗೆ ನಿದ್ರೆ ತರಿಸಲು, ಚಿತ್ತಭ್ರಮೆಯಿಂದ ಉದ್ರಿಕ್ತರಾದವರನ್ನು ಶಾಂತಗೊಳಿಸಲು, ಮತ್ತು ಹಾವಿನ ವಿಷವನ್ನು ಇಳಿಸಲು. ಬಿಹಾರದಲ್ಲಿ ಇದಕ್ಕೆ "ಹುಚ್ಚಿನ ಮದ್ದು" ಎಂಬರ್ಥದ ಹೆಸರೇ ರೂಢಿಯಲ್ಲಿತ್ತು. ಈ ಮೂರು ನಂಬಿಕೆಗಳಲ್ಲಿ ಮೊದಲಿನೆರಡು ಪರೀಕ್ಷೆಗೆ ನಿಂತವು, ಮೂರನೆಯದು ನಿಲ್ಲಲಿಲ್ಲ. ಇದನ್ನು ತಿಳಿಯಲು ಹಲವರು ಹಲವು ವರ್ಷ ದುಡಿಯಬೇಕಾಯಿತು.

ದಿಲ್ಲಿಯ ಪ್ರಸಿದ್ಧ ಹಕೀಮ ಅಜ್ಮಲ್ ಖಾನರಿಗೆ ನಾಡಮದ್ದುಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬ ಹಂಬಲವಿತ್ತು. ಅವರ ಪ್ರೋತ್ಸಾಹದಿಂದ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ರಸಾಯನಶಾಸ್ತ್ರಜ್ಞರು ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನೆಯನ್ನು ಕೈಗೊಂಡರು. 1931ರಲ್ಲಿ ಅವರೂ ಅವರ ಸಹೋದ್ಯೋಗಿಯೂ ಸರ್ಪಗಂಧಿಯ ಬೇರಿನಿಂದ ಹಲವು ಸ್ಫಟಿಕ ಪದಾರ್ಥಗಳನ್ನು ಬೇರ್ಪಡಿಸಿದುದನ್ನು ಪ್ರಕಟಿಸಿದರು. ಅವುಗಳಲ್ಲೊಂದಕ್ಕೆ, ಅಷ್ಟರಲ್ಲಿ ದಿವಂಗತರಾಗಿದ್ದ ಹಕೀಮರ ಸ್ಮರಣೆಗಾಗಿ, "ಅಜ್ಮಲೀನ್" ಎಂದು ಹೆಸರಿಟ್ಟರು. ಅದೇ ವರ್ಷ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ವೈದ್ಯರು, ಬೇರಿನ ಪುಡಿಯು ಚಿತ್ತಭ್ರಮೆಯನ್ನು ಶಮನಗೊಳಿಸುವುದಲ್ಲದೆ ಏರಿದ ರಕ್ತದೊತ್ತಡವನ್ನೂ ಇಳಿಸುವುದೆಂದು ಬರೆದರು. ಮುಂದೆ ಕಲಕತ್ತೆಯಲ್ಲಿಯೇ ರಾಮನಾಥ ಚೋಪ್ರಾ ಅವರು ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿ ಈ ಗುಣವನ್ನು ಪರಿಶೀಲಿಸಿದರು.

ಇನ್ನು ಮುಂಬಯಿಯ ಅಧ್ಯಾಯ. ಪರೇಲದ ಕೆ.ಇ.ಎಂ. ಆಸ್ಪತ್ರೆಯಲ್ಲಿ ರುಸ್ತುಂ ಜಾಲ್ ವಕೀಲ್ ಎಂಬ ಹೃದ್ರೋಗತಜ್ಞರಿದ್ದರು. ಯಾರೋ ಹೇಳಿದರೆಂದು ನಂಬುವುದೂ ನಾಡಮದ್ದೆಂದು ತಳ್ಳಿಹಾಕುವುದೂ ಅವರಿಗೆ ಸಮ್ಮತವಾಗಿರಲಿಲ್ಲ. ಅವರು ರೋಗಿಗಳಿಗೆ ಸರ್ಪಗಂಧಿಯ ಗುಳಿಗೆಗಳನ್ನು ಕೊಟ್ಟು, ಮದ್ದಿಗೆ ಮುಂಚೆ ಒತ್ತಡವೆಷ್ಟಿತ್ತು, ಅನಂತರ ಎಷ್ಟಾಯಿತು ಎಂಬುದನ್ನು ಅಳೆದು ಬರೆದಿಟ್ಟರು. ಹೀಗೆ 50 ರೋಗಿಗಳ ವಿವರಗಳನ್ನು 1949ರಲ್ಲಿ "ಬ್ರಿಟಿಷ್ ಹಾರ್ಟ್ ಜರ್ನಲ್" ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಹುಮಂದಿಯಲ್ಲಿ ಒತ್ತಡವು ಇಳಿದಿತ್ತು. ಹೊರನಾಡುಗಳ ವೈದ್ಯರು ಈ ಬೇರಿನ ಕಡೆಗೆ ಗಮನ ಹರಿಸಲು ಆ ಲೇಖನವು ಮುಖ್ಯ ಕಾರಣವಾಯಿತು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿಯು ದೊರೆಯಿತು.

ಆದರೆ ಬೇರಿನಲ್ಲಿರುವ ಹತ್ತಾರು ಪದಾರ್ಥಗಳಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಯಾವುದು? ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಔಷಧ ಸಂಸ್ಥೆಯ ವಿಜ್ಞಾನಿಗಳು 1952ರಲ್ಲಿ ಅದನ್ನು ಬೇರ್ಪಡಿಸಿ "ರಿಸರ್ಪೀನ್" ಎಂದು ಕರೆದರು. ಅದರ ಕ್ರಿಯೆಯನ್ನು ಹೀಗೆ ವಿವರಿಸಬಹುದು. ನಮ್ಮ ರಕ್ತನಾಳಗಳನ್ನು ಬಿಗಿಗೊಳಿಸುವ ನರಗಳ ತುದಿಯಲ್ಲಿ ಅತಿಸೂಕ್ಷ್ಮವಾದ ಚೀಲಗಳಿವೆ. ಅವುಗಳಲ್ಲಿ ನಾರಾಡ್ರಿನಲೀನ್ ಎಂಬ ರಾಸಾಯನಿಕವು ಶೇಖರವಾಗಿರುತ್ತದೆ. ನರವು ಪ್ರಚೋದನೆಗೊಂಡಾಗ ಅದು ಹೊರಬಂದು ನಾಳವನ್ನು ಬಿಗಿಗೊಳಿಸುತ್ತದೆ. ರಿಸರ್ಪೀನು ಆ ಚೀಲಗಳು ತುಂಬಿಕೊಳ್ಳದಂತೆ ತಡೆಯುತ್ತದೆ. ಶೇಖರವು ಬರಿದಾಗಲು ನಾಳಗಳು ಸಡಿಲಗೊಂಡು ಒತ್ತಡವು ಇಳಿಯುತ್ತದೆ. ಮಿದುಳಿನಲ್ಲಿಯೂ ಇದೇ ಕ್ರಿಯೆ ನಡೆಯುವುದರಿಂದ ಮನಸ್ಸಿನ ಉದ್ರೇಕವು ತಗ್ಗುತ್ತದೆ.

ಈ ಬೇರಿನ ಉಪಕಾರ ಇಷ್ಟಕ್ಕೇ ಮುಗಿಯಲಿಲ್ಲ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿಯು ಮೊಲಗಳಿಗೆ ರಿಸರ್ಪೀನ್ ಕೊಟ್ಟಾಗ ಅವು ಮಿಸುಕಾಡದೆ ಕುಳಿತುಬಿಟ್ಟವು. ಬಳಿಕ ಡೋಪಾ ಎಂಬ ಪದಾರ್ಥವನ್ನು ಚುಚ್ಚಲು ಮತ್ತೆ ಚಟುವಟಿಕೆಯಿಂದ ಓಡಾಡತೊಡಗಿದವು. 1957ರಲ್ಲಿ ಪ್ರಕಟವಾದ ಈ ಪ್ರಯೋಗವು, ಕೈಕಾಲು ನಡುಗಿ ದೇಹವು ಬಿಗಿದುಕೊಳ್ಳುವ ಪಾರ್ಕಿನ್ಸನ್ ರೋಗದ ಚಿಕಿತ್ಸೆಗೆ ದಾರಿ ತೋರಿತು. ಊರಿಗೆ ಹೋದಾಗ ಬೇಲಿಯ ಬಳಿ ನಸುಗುನ್ನಿಯ ಕಾಯನ್ನು ಮುಟ್ಟಿ ತುರಿಸಿಕೊಂಡವರು ನಿಮ್ಮಲ್ಲಿ ಇರಬಹುದು. ಆ ಕಾಯಿಯ ಬೀಜದಲ್ಲಿಯೂ ಇದೇ ಡೋಪಾ ಉಂಟು! ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈಗ ಕಥೆಯ ಮತ್ತೊಂದು ಮುಖವನ್ನು ನೋಡೋಣ. ರಿಸರ್ಪೀನನ್ನು ಸೇವಿಸಿದವರಲ್ಲಿ ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು ಮುಂತಾದವು ಕಂಡುಬಂದವು. ಕೆಲವರ ಮನಸ್ಸು ಕುಗ್ಗಿಹೋಯಿತೆಂಬ ವರದಿಗಳೂ 1950ರ ದಶಕದಲ್ಲಿ ಬಂದವು. ದಿನಕ್ಕೆ ಒಂದು ಮಿಲಿಗ್ರಾಮಿನ ಕಾಲುಭಾಗವೇ ಸಾಕಾಗುವಷ್ಟು ಪ್ರಬಲವಾದ ಮದ್ದು ಇದು. ಬೇರಿನಲ್ಲಾದರೋ ಇದರ ಪ್ರಮಾಣವು ನೆಲ, ಋತು, ಗಿಡದ ವಯಸ್ಸುಗಳಿಗೆ ತಕ್ಕಂತೆ ಬದಲಾಗುತ್ತದೆ. ಹೀಗಿರಲು ಒಂದು ಚಿಟಿಕೆ ಪುಡಿಯಲ್ಲಿ ಮದ್ದೆಷ್ಟಿದೆಯೆಂದು ಕಣ್ಣಳತೆಯಿಂದ ಹೇಳುವುದು ಹೇಗೆ? ಮುಂದೆ ಬೇರೆ ಔಷಧಗಳು ಬಂದುದರಿಂದ ಇಂದು ವೈದ್ಯರು ರಿಸರ್ಪೀನನ್ನು ಅಪರೂಪವಾಗಿ ಬಳಸುತ್ತಾರೆ.

ಹಾವಿನ ವಿಷದ ಮಾತೇನು? ಅದಕ್ಕೆ ಸರ್ಪಗಂಧಿಯು ಮದ್ದಲ್ಲ. ಕುದುರೆಗಳಿಗೆ ಹಾವಿನ ವಿಷವನ್ನು ಅಲ್ಪಾಲ್ಪವಾಗಿ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಶುದ್ಧಗೊಳಿಸಿ ಕೊಡುವುದೇ ನಿಜವಾದ ಚಿಕಿತ್ಸೆ. ಈ ಕಾರ್ಯದಲ್ಲಿ ಪರೇಲದ ಹಾಫ್‌ಕಿನ್ ಸಂಸ್ಥೆಯೂ ಹೆಸರು ಪಡೆದಿದೆ. ಹಾವು ಕಚ್ಚಿದವರಿಗೆ ಬೇರು ತೇಯುತ್ತ ಕಳೆಯುವ ಒಂದೊಂದು ಗಳಿಗೆಯೂ ಪ್ರಾಣಾಪಾಯಕರ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕೊನೆಯದಾಗಿ ಗಿಡದ ಗತಿಯನ್ನೂ ನೆನೆಯಬೇಕು. ಬೇರಿಗಾಗಿ ಅಗೆದರೆ ಗಿಡವೇ ಅಳಿಯುತ್ತದೆ. ಎಷ್ಟೋ ಕಾಡುಗಳಲ್ಲಿ ಸರ್ಪಗಂಧಿಯು ಹೀಗೆ ವಿರಳವಾಯಿತು. ಆದುದರಿಂದ 1990ರಲ್ಲಿ ಇದನ್ನು ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು.

ವಿದ್ಯಾರ್ಥಿ ಮಿತ್ರರೇ, ನಮ್ಮ ಹಿರಿಯರ ಅನುಭವದಲ್ಲಿ ಬೆಲೆಯುಳ್ಳ ತಿಳಿವಳಿಕೆಯಿದೆ. ಆದರೆ ಯಾವುದು ಕಾಳು, ಯಾವುದು ಜೊಳ್ಳು ಎಂಬುದನ್ನು ತೂರಿ ನೋಡದೆ ತಿಳಿಯಲಾಗದು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ರಕ್ತದೊತ್ತಡದ ಗುಳಿಗೆಯನ್ನು ಬಿಟ್ಟು ಯಾವುದೋ ಬೇರಿನ ಪುಡಿಯನ್ನು ತೆಗೆದುಕೊಳ್ಳಹೊರಟರೆ, ಅದನ್ನು ಹೀಯಾಳಿಸದೆ, ವೈದ್ಯರನ್ನು ಕೇಳದೆ ಹಾಗೆ ಮಾಡಬಾರದೆಂದು ವಿನಯದಿಂದ ತಿಳಿಸಿರಿ. ಬೇರಿನಲ್ಲಿ ಶಕ್ತಿಯಿರುವುದರಿಂದಲೇ ಅದರ ವಿಷಯದಲ್ಲಿ ಎಚ್ಚರವೂ ಬೇಕು.