ಮಾಸ್ಟೊಡಾನ್ ಎಂಬ ಹೊಸ ಕಟ್ಟೆ

ಊರ ಅರಳಿಕಟ್ಟೆಯ ಮೇಲೆ ಕುಳಿತು ಮಾತನಾಡುವವರು ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಕಟ್ಟೆಯನ್ನು ರಾತ್ರೋರಾತ್ರಿ ಯಾರೂ ಮಾರುವಂತೆಯೂ ಇಲ್ಲ. ಇಂದಿನ ಸಾಮಾಜಿಕ ಜಾಲತಾಣಗಳು ಹಾಗಲ್ಲ. ಅಲ್ಲಿ ಕುಳಿತುಕೊಳ್ಳುವವರು ನಾವು, ಕಟ್ಟೆ ಮತ್ತೊಬ್ಬರದು. 2014ರ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆಯು ಆರ್ಕುಟ್ ಅನ್ನು ಮುಚ್ಚಿತು. 2022ರ ಅಕ್ಟೋಬರಿನಲ್ಲಿ ಟ್ವಿಟರ್ 4,400 ಕೋಟಿ ಡಾಲರಿಗೆ ಎಲಾನ್ ಮಸ್ಕ್ ಅವರ ಪಾಲಾಯಿತು. ನಮಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ ‘ಕೂ’. 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಜಾಲ ಮೊದಲು ಬಾಯಿ ತೆರೆದದ್ದೇ ಕನ್ನಡದಲ್ಲಿ. ಬೇರೆ ಕಂಪನಿಗಳೊಡನೆ ನಡೆಸಿದ ಮಾತುಕತೆಗಳು ಫಲಿಸದೆ 2024ರ ಜುಲೈಯಲ್ಲಿ ಅದೂ ಬಾಗಿಲು ಹಾಕಿತು. ಅಲ್ಲಿ ಕೂಡುತ್ತಿದ್ದ ಕನ್ನಡದ ಮಂದಿ ದಿಕ್ಕಿಗೊಬ್ಬರಾಗಿ ಚದುರಿದರು.

ಈ ಹಿನ್ನೆಲೆಯಲ್ಲಿ ಮಾಸ್ಟೊಡಾನ್ ಎಂಬ ಜಾಲವನ್ನು ಈಚೆಗೆ ಕೆಲವು ವಾರಗಳ ಕಾಲ ಬಳಸಿ ನೋಡಿದೆನು. ಹೊಸತೆಂದರೆ ನನಗೆ ಹೊಸತು. ಜರ್ಮನಿಯ ಯೂಜೆನ್ ರೋಚ್ಕೊ ಎಂಬುವರು ಇದನ್ನು ಹೊರತಂದದ್ದು 2016ರಲ್ಲಿ. ಆನೆಯನ್ನು ಹೋಲುವ, ಎಂದೋ ಅಳಿದುಹೋದ ಪ್ರಾಣಿಯ ಹೆಸರನ್ನು ಇದಕ್ಕೇಕೆ ಇಟ್ಟರೋ! ನಮ್ಮ ದೇಶದಲ್ಲಿ ಈ ಹೆಸರು ಕೇಳಿಬಂದದ್ದು 2019ರ ನವೆಂಬರಿನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆಹಿಡಿದಾಗ, ಅಸಮಾಧಾನಗೊಂಡ ಅನೇಕರು ಇತ್ತ ಬಂದರು.

ಹೊಸ್ತಿಲಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ: ನಿಮ್ಮದು ಯಾವ ಸರ್ವರ್? ಹಲವರು ಇಲ್ಲಿಂದಲೇ ಹಿಂದಿರುಗುವರೆಂದು ಕಾಣುತ್ತದೆ. ವಿದ್ಯಾರ್ಥಿನಿಲಯಗಳನ್ನು ನೆನೆದರೆ ವಿಷಯ ಸುಲಭ. ನಿಲಯಗಳು ಹಲವು, ಒಂದೊಂದಕ್ಕೂ ತನ್ನದೇ ವಾರ್ಡನ್, ತನ್ನದೇ ಕಟ್ಟುಪಾಡು. ಆದರೂ ಒಂದರಲ್ಲಿರುವವನು ಇನ್ನೊಂದರಲ್ಲಿರುವವನೊಡನೆ ಮಾತನಾಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದ್ದರಿಂದಲೇ ಇಲ್ಲಿಯ ವಿಳಾಸದಲ್ಲಿ ಈಮೇಲಿನಂತೆ ಎರಡು ಭಾಗಗಳು: ನಮ್ಮ ಹೆಸರು ಮತ್ತು ನಿಲಯದ ಹೆಸರು. ನಿಲಯದಿಂದ ನಿಲಯಕ್ಕೆ ಮಾತು ಸಾಗಿಸುವ ನಿಯಮಾವಳಿಗೆ ಆಕ್ಟಿವಿಟಿಪಬ್ ಎಂದು ಹೆಸರು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2018ರಲ್ಲಿ ಅದನ್ನು ಮಾನದಂಡವಾಗಿ ಅಂಗೀಕರಿಸಿತು. ಕಿರುಕುಳ ಕೊಡುವ ನಿಲಯದ ಸಂಪರ್ಕವನ್ನೇ ಕಡಿದುಹಾಕುವ ಅಧಿಕಾರ ವಾರ್ಡನ್ನಿಗೆ ಉಂಟು. ಒಳ್ಳೆಯ ವಾರ್ಡನ್ ಸಿಕ್ಕರೆ ಇದು ವರ, ಇಲ್ಲವಾದರೆ ಪೀಡೆ.

ಒಳಹೊಕ್ಕ ಮೇಲೆ ಮೊದಲ ಅನುಭವ ಮೌನದ್ದು. ಬೇರೆ ಜಾಲಗಳಲ್ಲಿ ಕಾಲಿಟ್ಟೊಡನೆ ಯಂತ್ರವೇ ನಮ್ಮ ರುಚಿಯನ್ನು ಊಹಿಸಿ ಎಲೆಯ ತುಂಬ ಬಡಿಸುತ್ತದೆ. ಇಲ್ಲಿ ಎಲೆ ಖಾಲಿ. ನಾವು ಯಾರನ್ನು ಹಿಂಬಾಲಿಸುವೆವೋ ಅವರ ಬರಹಗಳೂ ಅವರು ಮುಂದಕ್ಕೆ ಸಾಗಿಸಿದ ಬರಹಗಳೂ ಮಾತ್ರ ಹೊತ್ತಿನ ಸರದಿಯಂತೆ ಬರುತ್ತವೆ. ಜಾಹೀರಾತಿಲ್ಲ. ಮೆಚ್ಚುಗೆಯ ಗುಂಡಿ ಒತ್ತಿದರೆ ಬರೆದವರಿಗೆ ಅದು ತಿಳಿಯುತ್ತದೆ, ಅಷ್ಟೆ. ಬರಹ ನಾಲ್ಕು ಮಂದಿಗೆ ಮುಟ್ಟಬೇಕಾದರೆ ಓದಿದವರು ‘ಬೂಸ್ಟ್’ ಮಾಡಬೇಕು. ಸಾಮಾನ್ಯವಾಗಿ ಒಂದು ಬರಹಕ್ಕೆ 500 ಅಕ್ಷರಗಳ ಮಿತಿ. ಹತ್ತು ನಿಮಿಷದಲ್ಲಿ ಓದುವುದೆಲ್ಲ ಮುಗಿದು, ಫೋನನ್ನು ಕೆಳಗಿಡಬೇಕಾಗಿ ಬಂತು! ಮಿಕ್ಕ ಜಾಲಗಳಲ್ಲಿ ಹೀಗೆ ಕೊನೆ ಮುಟ್ಟಿದ ನೆನಪು ನನಗಿಲ್ಲ. ಇದನ್ನು ನೀರಸವೆನ್ನುವ ಮಿತ್ರರಿದ್ದಾರೆ. ನನಗಂತೂ ಇದೇ ಇದರ ದೊಡ್ಡ ಗುಣವೆಂದು ತೋರಿತು.

ಕೊರತೆ ಬೇರೆಯಿದೆ. ಹ್ಯಾಷ್‌ಟ್ಯಾಗುಗಳನ್ನು ಹಿಡಿದು ಹುಡುಕಿದರೂ ನನ್ನ ಕಣ್ಣಿಗೆ ಬಿದ್ದ ಕನ್ನಡ ಬರಹಗಳು ಬೆರಳೆಣಿಕೆಯಷ್ಟು. ಕನ್ನಡಿಗರಿಲ್ಲವೆಂದು ಕನ್ನಡಿಗರು ಬರುವುದಿಲ್ಲ, ಬಾರದಿರುವುದರಿಂದ ಇಲ್ಲ. ಇದರ ತಂತ್ರಾಂಶ ಎಲ್ಲರಿಗೂ ಮುಕ್ತವಾದ್ದರಿಂದ ಒಂದು ಕನ್ನಡ ಸಂಘವೋ ಕಾಲೇಜೋ ಸ್ವಂತ ನಿಲಯವನ್ನೇ ಹೂಡಬಹುದು. ಆದರೆ ಅದರ ಬಾಡಿಗೆ ತೆರುವವರು, ಹಗಲಿರುಳು ಕಾವಲಿರುವವರು ಬೇಕಲ್ಲವೆ? ಬಹುಪಾಲು ನಿಲಯಗಳು ಸದಸ್ಯರ ದೇಣಿಗೆಯಿಂದಲೂ ನಡೆಸುವವರ ಬಿಡುವಿನ ವೇಳೆಯಿಂದಲೂ ನಡೆಯುತ್ತಿವೆ. ನಡೆಸುವವರು ದಣಿದರೆ ಇಲ್ಲಿಯೂ ಬಾಗಿಲು ಮುಚ್ಚುತ್ತದೆ.

ಬಾಗಿಲು ಮುಚ್ಚುವ ಮುನ್ನವೇ ಬೇರೆ ನಿಲಯಕ್ಕೆ ಹೋಗಬಹುದು. ನಮ್ಮನ್ನು ಹಿಂಬಾಲಿಸುವವರೂ ಜೊತೆಯಲ್ಲಿ ಬರುತ್ತಾರೆ. ‘ಕೂ’ ಮುಚ್ಚಿದಾಗ ಈ ಅನುಕೂಲ ಇರಲಿಲ್ಲ. ಆದರೆ ಹಳೆಯ ಬರಹಗಳು ಬರುವುದಿಲ್ಲ, ಅವು ಅಲ್ಲೇ ಉಳಿಯುತ್ತವೆ. ಅವುಗಳ ಪ್ರತಿಯನ್ನು ಏಳು ದಿನಕ್ಕೊಮ್ಮೆ ಕೇಳಿ ಪಡೆಯುವ ಏರ್ಪಾಟು ಮಾತ್ರ ಉಂಟು. ನಾನು ತಿಂಗಳಿಗೊಮ್ಮೆ ಅದನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ, ಇತಿಹಾಸದ ಟಿಪ್ಪಣಿಗಳ ಪಕ್ಕದಲ್ಲಿ ಇಡುತ್ತಿದ್ದೇನೆ.